ಮೂವತ್ತು ದಿನಗಳ ಗಡುವು

ಶಾಲೆಯಲ್ಲಿ ಕಣ್ಣಿನ ಚಿತ್ರವನ್ನು ಬರೆದು ಬಣ್ಣ ತುಂಬಿದ್ದ ನಾವು ಅಕ್ಕತಂಗಿಯರು, ಅದರ ಅರ್ಥವನ್ನು ಅರಿತುದು ಬಹು ವರ್ಷಗಳ ತರುವಾಯ, ಹನಕೆರೆಯ ನಮ್ಮ ಮನೆಯಲ್ಲಿ.

ನಮ್ಮ ತಮ್ಮನ ಹೆಂಡತಿಯು 31ನೆಯ ವಾರದಲ್ಲಿಯೇ ಹೆತ್ತಳು. ಕೂಸಿನ ತೂಕ 1300 ಗ್ರಾಂ. ಆಸ್ಪತ್ರೆಯ ಬಿಸಿಪೆಟ್ಟಿಗೆಯಲ್ಲಿ ಆಮ್ಲಜನಕದ ಆಶ್ರಯದಿಂದ ಬದುಕಿಕೊಂಡು ಮೂರು ವಾರಗಳ ಮೇಲೆ ಮನೆಗೆ ಬಂದಿತು. ಮೂವತ್ತು ದಿನಗಳೊಳಗೆ ಕಣ್ಣುಗಳನ್ನು ಪರೀಕ್ಷಿಸಬೇಕೆಂದು ವೈದ್ಯರು ಬರೆದ ಚೀಟಿಯು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. “ಹಸಿ ಬಾಣಂತಿಯನ್ನೂ ಕೂಸನ್ನೂ ಹೊಸಿಲು ದಾಟಿಸುವುದುಂಟೇ? ಕಣ್ಣು ಹೊಳೆಯುತ್ತಲೇ ಇದೆಯಲ್ಲ!” ಎಂದರು ಹಿರಿಯರು. ನಾವೂ ಕೆಲವು ದಿನ ಸುಮ್ಮನಿದ್ದೆವು. ಆ ಮೌನವು ನಮ್ಮದೇ ತಪ್ಪು.

ಈ ರೋಗವು ಹೊರಗೆ ಕಾಣಿಸದು. ಕಣ್ಣಿನ ಹಿಂಬದಿಯ ಅಕ್ಷಿಪಟದಲ್ಲಿ ರಕ್ತನಾಳಗಳು ಹರಡಿ ಮುಗಿಯುವುದು ಗರ್ಭವು ತುಂಬುವ ಹೊತ್ತಿಗೆ. ಮುಂಚೆ ಹುಟ್ಟಿದ ಕೂಸಿನಲ್ಲಿ ಆ ಕೆಲಸವು ಅರ್ಧಕ್ಕೇ ನಿಲ್ಲುವುದು. ಬಳಿಕ ನಾಳಗಳು ದಾರಿ ತಪ್ಪಿ ಬೆಳೆದು ಅಕ್ಷಿಪಟವನ್ನೇ ಎಳೆದು ಕಳಚುವುದುಂಟು. ಬೋಸ್ಟನ್ನಿನ ವೈದ್ಯರಾದ ಥಿಯೊಡೋರ್ ಟೆರಿಯವರು 1942ರಲ್ಲಿ ಇದನ್ನು ವರ್ಣಿಸಿದರು. ಅತಿಯಾದ ಆಮ್ಲಜನಕವೇ ಕಾರಣವಿರಬಹುದೆಂದು ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ತಿಳಿಸಿದರು. ಹಾಗೆಂದು ಉಸಿರನ್ನು ತಡೆಯಲಾದೀತೇ? ಅಳತೆಯಿಂದ ಕೊಡಬೇಕು, ಕಾಲಕ್ಕೆ ಸರಿಯಾಗಿ ಕಣ್ಣು ನೋಡಬೇಕು.

29ನೆಯ ದಿನ ಹನಕೆರೆಯ ನಿಲ್ದಾಣದಲ್ಲಿ ರೈಲು ಹತ್ತಿ ತಾಯಿ ಕೂಸುಗಳನ್ನು ಬೆಂಗಳೂರಿಗೆ ಕರೆದೊಯ್ದೆವು. ಎರಡು ಕಣ್ಣುಗಳಲ್ಲಿಯೂ ರೋಗವು ಕಂಡಿತು. ಎರಡು ದಿನಗಳೊಳಗೆ ಲೇಸರ್ ಚಿಕಿತ್ಸೆಯಾಯಿತು. ಇಂದು ಆ ಹುಡುಗಿಯು ದಪ್ಪ ಕನ್ನಡಕವನ್ನು ಧರಿಸಿ ತನ್ನ ಪಾಠವನ್ನು ತಾನೇ ಓದುತ್ತಾಳೆ.

ಹಳ್ಳಿಯ ಕೂಸುಗಳೆಲ್ಲವೂ ನಗರಕ್ಕೆ ಬರಲಾರವೆಂದೇ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ‘ಕಿಡ್ರಾಪ್’ ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಿ ಪಡೆದವರು ಕ್ಯಾಮೆರಾವನ್ನು ಹೊತ್ತು ಜಿಲ್ಲೆಗಳ ಶಿಶು ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟದ ಚಿತ್ರ ತೆಗೆಯುವರು. ತಜ್ಞರು ದೂರದಿಂದಲೇ ಅದನ್ನು ನೋಡಿ ಹೇಳುವರು.

ಸಹೋದರಿಯರೇ, ನಿಮ್ಮಲ್ಲಿ ತಾಯಂದಿರಿದ್ದೀರಿ, ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ. 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲವೇ 2000 ಗ್ರಾಮಿಗಿಂತ ಕಡಿಮೆ ತೂಕದ ಕೂಸು ನೆರೆಮನೆಯಲ್ಲಿದ್ದರೆ, ಕಣ್ಣು ತೋರಿಸಿದಿರಾ ಎಂದು ಕೇಳಿರಿ. 28 ವಾರಕ್ಕೆ ಮುಂಚಿನದಾದರೆ ಎರಡು ಮೂರು ವಾರಗಳಲ್ಲಿಯೇ ತೋರಿಸಬೇಕು. ಕೂಸು ತಾನಾಗಿ ಹೇಳಲಾರದು, ನಾವು ಮೌನವಾಗಿರಬಾರದು.