ಚೆಷರಿನ ಚಳಿಯಲ್ಲಿ ಹಕ್ಕಿಗಳ ಲೆಕ್ಕ

ಇಂಗ್ಲೆಂಡಿನ ವಾಯವ್ಯದಲ್ಲಿ, ಡೀ ಮತ್ತು ಮರ್ಸಿ ನದಿಗಳ ಅಳಿವೆಗಳ ನಡುವೆ ವಿರಲ್ ಪರ್ಯಾಯದ್ವೀಪ ಚಾಚಿಕೊಂಡಿದೆ. ಅದರ ಬೆನ್ನಿಗೆ ಚೆಷರ್ ಕೌಂಟಿಯ ಹುಲ್ಲುಗಾವಲುಗಳು. ಡಿಸೆಂಬರಿನಲ್ಲಿ ಅಲ್ಲಿ ಹಗಲೆಂಬುದು ಏಳೂವರೆ ಗಂಟೆಯ ಮಾತು. ಅಂಥ ಕಿರುಹಗಲುಗಳಲ್ಲಿ, 2004ರಿಂದ 2007ರ ವರೆಗಿನ ಮೂರು ಚಳಿಗಾಲ, ಪಕ್ಷಿಪ್ರೇಮಿಗಳು ದುರ್ಬೀನು ಹಿಡಿದು ಇಡೀ ಸೀಮೆಯನ್ನು ನಡೆದು ನೋಡಿದರು. ಸಂಬಳವಿಲ್ಲದ ದುಡಿಮೆ!

ನೆಲವನ್ನೆಲ್ಲ ಎರಡು ಕಿಲೋಮೀಟರು ಉದ್ದಗಲದ 670 ಚೌಕಗಳಾಗಿ ವಿಂಗಡಿಸಿದ್ದರು. ಅಳಿವೆಯ ಚೌಕ ಸಿಕ್ಕಿದವನ ಭಾಗ್ಯವೇ ಭಾಗ್ಯ: ಉಬ್ಬರ ಏರಿದಂತೆ ನಾಟ್ ಎಂಬ ಕಡಲಂಚಿನ ಹಕ್ಕಿಗಳು ಸಾವಿರಗಟ್ಟಲೆ, ಹೊಗೆಯಂತೆ ಎದ್ದು ಹೊರಳುತ್ತವೆ. ಬರಿಯ ಕೆಸರು ಹೊಲ ಸಿಕ್ಕಿದವನ ಪಾಡು? ಅವನೂ ಹೋಗಲೇಬೇಕು. ಯಾರೂ ಕಾಲಿಡದ ಚೌಕವೂ ಹಕ್ಕಿಯಿಲ್ಲದ ಚೌಕವೂ ನಕ್ಷೆಯಲ್ಲಿ ಒಂದೇ ತೆರನಾಗಿ ಬೆಳ್ಳಗಿರುತ್ತವೆಯಲ್ಲ!

ಬೇಸಿಗೆಯಲ್ಲಿ ಹಕ್ಕಿಯನ್ನು ಗೂಡು ಕಟ್ಟಿಹಾಕುತ್ತದೆ. ಚಳಿಗಾಲದಲ್ಲಿ ಹೊಟ್ಟೆಯೇ ದಾರಿ ತೋರಿಸಬೇಕು. ಸ್ಕ್ಯಾಂಡಿನೇವಿಯಾದಿಂದ ಬಂದ ಫೀಲ್ಡ್‌ಫೇರ್ ಹಕ್ಕಿಗಳು ಬೇಲಿಯ ಹಣ್ಣು ಮುಗಿಯುತ್ತಲೇ ಹೊಲಗಳಿಗೆ ಇಳಿಯುತ್ತವೆ. ನಮ್ಮ ಕೆರೆಯಂಚಿನ ಪುಟ್ಟ ನೀಲಿ ಮಿಂಚುಳ್ಳಿಯ ಜಾತಿಯೇ ಅಲ್ಲಿಯೂ ಉಂಟು. ಕಾಲುವೆ ಹೆಪ್ಪುಗಟ್ಟಿತೆಂದರೆ ಕೆಳಗಿನ ಮೀನು ಅದಕ್ಕೆ ಎಟುಕದು. ತೆರೆದ ನೀರನ್ನು ಅರಸಿ ಅಳಿವೆಯ ಕಡೆ ಹಾರಬೇಕು, ಇಲ್ಲವೆ ಹಸಿದು ಸಾಯಬೇಕು. ಆ ಸಂಕಟ ಬೇಸಿಗೆಯ ನಕ್ಷೆಯಲ್ಲಿ ಕಾಣದು.

ಈ ಶ್ರಮವೆಲ್ಲ 2008ರಲ್ಲಿ ಡೇವಿಡ್ ನಾರ್ಮನ್ ಅವರ ಗ್ರಂಥವಾಗಿ ಹೊರಬಂದಿತು. ಅದರಲ್ಲಿ ನಾನು ಮೊದಲು ಹುಡುಕಿದ್ದು ಗುಬ್ಬಚ್ಚಿಯನ್ನೇ. ಬೇಸಿಗೆಯಿರಲಿ, ಹಿಮ ಬೀಳಲಿ, ಅದು ತನ್ನ ಕೇರಿ ಬಿಟ್ಟು ಕದಲುವ ಪೈಕಿಯಲ್ಲ.