ಸೀಸನ್‌ನವರು

ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಕೆಟ್ಟಿಲ್ಲ, ಅಪ್ಪ ಬೇಕೆಂದೇ ಹಾಗೆ ಇಟ್ಟಿದ್ದಾನೆ. ಕೆಜಿಎಫ್‌ನ ನಮ್ಮ ಮನೆಯಿಂದ ಚಾಂಪಿಯನ್ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಗಡಿಯಾರದಲ್ಲಿ ಗಾಡಿಯ ಹೊತ್ತಾಯಿತು ಎಂದರೆ ಚಪ್ಪಲಿ ಮೆಟ್ಟಬೇಕು, ಅಷ್ಟೇ ಲೆಕ್ಕ.

ಅಪ್ಪನಿಗೆ ಗಡಿಯಾರ ಬೇಕಾಗಿದ್ದು ಗಣಿ ಮುಚ್ಚಿದ ಮೇಲೆ. ಅದಕ್ಕೂ ಮುಂಚೆ ಗಣಿಯ ಸೈರನ್ ಇತ್ತು, ಊರಿಗೆಲ್ಲ ಅದೇ ಗಡಿಯಾರ. ಆಗ ಕೆಲಸಕ್ಕೆ ಹೋಗುವುದೆಂದರೆ ನೆಲದೊಳಗೆ ಇಳಿಯುವುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ನನಗೆ ಐದು ವರ್ಷ. ಕೆಲವು ತಿಂಗಳು ಮನೆಯಲ್ಲೇ ಕೂತಿದ್ದ ಅಪ್ಪ, ಆಮೇಲೆ ವೈಟ್‌ಫೀಲ್ಡ್‌ನ ಒಂದು ಕಟ್ಟಡದಲ್ಲಿ ಸೆಕ್ಯೂರಿಟಿ ಕೆಲಸ ಹಿಡಿದ. ಆಳಕ್ಕೆ ಇಳಿಯುತ್ತಿದ್ದವನು ಅಡ್ಡಕ್ಕೆ ಹೊರಟ ಎಂದು ಅಮ್ಮ ಈಗಲೂ ತಮಾಷೆ ಮಾಡುತ್ತಾಳೆ.

ಆ ಅಡ್ಡದ ದಾರಿ ನನಗೆ ಬಾಯಿಪಾಠ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ; ಆಮೇಲೆ ಬಂಗಾರಪೇಟೆ, ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್. ಗಣಿಗಾಗಿ ಹಾಕಿದ ಕವಲು ಹಳಿ ಇದು. ಗಣಿ ಹೋಯಿತು, ಹಳಿ ಉಳಿಯಿತು. ಈಗ ನಸುಕಿನಲ್ಲಿ ಈ ಊರಿಂದ ಹೊರಗೆ ಹೋಗುವುದು ಚಿನ್ನವಲ್ಲ, ಜನ. ಗಾರ್ಮೆಂಟ್ಸಿನ ಹೆಂಗಸರು, ಆಸ್ಪತ್ರೆಯ ಆಯಾಗಳು, ಡೆಲಿವರಿ ಹುಡುಗರು, ಮಾಲೂರಿನಲ್ಲಿ ಹೂವಿನ ಮೂಟೆ ಹೊತ್ತು ಹತ್ತುವವರು. ಇವರಿಗೆಲ್ಲ ಒಂದೇ ಹೆಸರು: ಸೀಸನ್‌ನವರು. ತಿಂಗಳ ಪಾಸಿಗೆ ಸೀಸನ್ ಟಿಕೆಟ್ ಅಂತ ಹೆಸರಿದೆಯಲ್ಲ, ಅದರಿಂದ. 150 ಕಿಲೋಮೀಟರಿನೊಳಗಿನ ದೂರಕ್ಕೆ ಅದು ಸಿಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇರಲಾರದವರು ಬೆಂಗಳೂರಿನಲ್ಲಿ ದುಡಿಯುವುದು ಆ ಒಂದು ಚೀಟಿಯ ಬಲದಿಂದ.

2020ರ ಮಾರ್ಚ್‌ನಲ್ಲಿ ಗಾಡಿಗಳೆಲ್ಲ ನಿಂತವು. ತಿಂಗಳುಗಳ ಮೇಲೆ ಒಂದೊಂದಾಗಿ ಶುರುವಾದಾಗ ಮುಂಗಡ ಟಿಕೆಟ್ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ. ಅಪ್ಪನ ಸೀಸನ್ನಿಗೆ ಬೆಲೆ ಇಲ್ಲ. ಆದರೆ ಕಟ್ಟಡಕ್ಕೆ ಕಾವಲು ಬೇಕಲ್ಲ, ಕೆಲಸಕ್ಕೆ ಕರೆ ಬಂದಿತ್ತು. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ. ತಡವಾದರೆ ಅರ್ಧ ದಿನದ ಸಂಬಳ ಕಟ್. ಸಂಬಳದಲ್ಲಿ ಬಸ್ಸಿನ ಪಾಲು ಎಷ್ಟು ಎಂದು ಅಮ್ಮ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. ಆ ಅಂಕಿ ನೋಡಲು ನನಗೆ ಧೈರ್ಯವಿರಲಿಲ್ಲ. ನಾನು ಆಗಷ್ಟೇ ಪಿಎಚ್‌ಡಿಗೆ ಸೇರಿದ್ದೆ. ಸಂಬಳ ತರುವ ವಯಸ್ಸಿನಲ್ಲಿ ಸಂಶೋಧನೆ ಎನ್ನುತ್ತಾ ಮನೆಯಲ್ಲಿ ಕೂತವಳು.

ಒಂದು ಭಾನುವಾರ ಅಪ್ಪನ ಗಾಡಿಯ ಗೆಳೆಯರು ಆರೇಳು ಜನ ಮನೆಗೆ ಬಂದರು. ಸೀಸನ್ ಮತ್ತೆ ಕೊಡಿ ಅಂತ ಅರ್ಜಿ ಹಾಕಬೇಕಿತ್ತು. "ನಿಮ್ಮ ಮಗಳು ಕನ್ನಡದಲ್ಲೇ ಡಾಕ್ಟ್ರು ಓದ್ತಾವಳಂತಲ್ಲ, ಬರ್ಕೊಡ್ಲಿ" ಎಂದರು. ನನ್ನ ವಿಷಯ ಕನ್ನಡ ಸಣ್ಣಕತೆಗಳಲ್ಲಿ ನಗರ. ವಲಸೆ, ಅನಾಮಿಕತೆ, ನಗರದ ಅಂಚು ಎಂದೆಲ್ಲ ಪುಟಗಟ್ಟಲೆ ಬರೆದಿದ್ದೆ. ಒಂದು ಅರ್ಜಿ ಯಾವ ಲೆಕ್ಕ? ಅರ್ಧ ಗಂಟೆಯಲ್ಲಿ ಮುಗಿಸಿ ಓದಿದೆ: "ಸದರಿ ಮಾರ್ಗದ ಪ್ರಯಾಣಿಕರು ತೀವ್ರ ಅನಾನುಕೂಲತೆಯನ್ನು ಅನುಭವಿಸುತ್ತಿದ್ದು..."

ಯಾರೂ ಮಾತಾಡಲಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಒಬ್ಬಳು ಮೆಲ್ಲಗೆ ಕೇಳಿದಳು: "ಇದ್ರಾಗೆ ನಾವು ಎಲ್ಲಿದ್ದೀವಮ್ಮ?"

ಅಪ್ಪ ಗಂಟಲು ಸರಿಮಾಡಿಕೊಂಡ. "ಪ್ರಯಾಣಿಕರು ಅಂತ ಬೇಡ ಕಣಮ್ಮ. ಪ್ರಯಾಣ ಮಾಡೋರು ತಿರುಪತಿಗೆ ಹೋಗೋರು. ಕೆಲಸಕ್ಕೆ ಹೋಗೋರು ಅಂತ ಬರಿ. ಎಂಟು ಗಂಟೆಗೆ ಪಾಳಿ, ಏಳೂವರೆಗೆ ವೈಟ್‌ಫೀಲ್ಡಲ್ಲಿ ಇಳೀಬೇಕು ಅಂತ ಬರಿ. ಅನಾನುಕೂಲ ಅಲ್ಲ, ಸಂಬಳ ಹೋಗ್ತದೆ ಅಂತ ಬರಿ."

ಹಾಳೆ ಹರಿದು ಹಾಕಿ ಹೊಸದಾಗಿ ಬರೆದೆ. ಒಬ್ಬೊಬ್ಬರೂ ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್, ಪಾಳಿಯ ಹೊತ್ತು, ಬಸ್ಸಿಗೆ ತಗಲುವ ದುಡ್ಡು. ವಿಶೇಷಣ ಒಂದೂ ಇಲ್ಲ. ನನ್ನ ಇದುವರೆಗಿನ ಬರವಣಿಗೆಯಲ್ಲಿ ಅತ್ಯಂತ ಚೊಕ್ಕವಾದದ್ದು ಆ ಒಂದೂವರೆ ಪುಟ. ಮುಂದೆ ಸೀಸನ್ ಮತ್ತೆ ಬಂತು. ನಮ್ಮ ಅರ್ಜಿಯಿಂದಲೇ ಬಂತೆಂದು ಹೇಳಿಕೊಳ್ಳಲಾರೆ. ದೇಶದ ಉದ್ದಗಲಕ್ಕೂ ಸೀಸನ್‌ನವರು ಕೇಳುತ್ತಿದ್ದರು. ಅಪ್ಪ ಮಾತ್ರ ಹೊಸ ಸೀಸನ್ನನ್ನು ತಂದು ಮೊದಲು ನನ್ನ ಕೈಗೆ ಕೊಟ್ಟ.

2022ರ ಜೂನ್‌ನಲ್ಲಿ ಬೆಂಗಳೂರು ಉಪನಗರ ರೈಲಿಗೆ ಶಂಕುಸ್ಥಾಪನೆಯಾಯಿತು. 148 ಕಿಲೋಮೀಟರು, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೂವಿನ ಹೆಸರುಗಳು ನನಗೂ ಹಿಡಿಸಿದವು. ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ. ಪೇಪರಿನಲ್ಲಿ ಬಂದ ನಕ್ಷೆಯನ್ನು ಅಪ್ಪ ಚಾಪೆಯ ಮೇಲೆ ಹರಡಿಕೊಂಡ. ಕೆಂಗೇರಿಯಿಂದ ಬೆರಳು ಎಳೆಯುತ್ತ ಬಂದು ಕೊನೆಯ ಚುಕ್ಕೆಯಾದ ವೈಟ್‌ಫೀಲ್ಡಿನ ಮೇಲೆ ನಿಲ್ಲಿಸಿದ. ಆಮೇಲೆ ಬೆರಳನ್ನು ಇನ್ನೂ ಬಲಕ್ಕೆ ಸರಿಸಿದ, ಪೇಪರು ಮುಗಿದು ಚಾಪೆ ಬಂತು. "ನಾವು ಇಲ್ಲೆಲ್ಲೋ ಇದ್ದೀವಿ" ಎಂದು ನಕ್ಕ.

ಮಾರ್ಗವನ್ನು ಬಂಗಾರಪೇಟೆಯ ತನಕ ಬೆಳೆಸುವ ಮಾತು ಆಗಾಗ ಕೇಳುತ್ತದೆ. ಬಂದರೆ ಸಂತೋಷ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಉಪನಗರ ಎಂದರೆ ನಗರದ ಪಕ್ಕದ ಊರೋ, ನಗರವನ್ನು ದಿನವೂ ನಡೆಸುವ ಊರೋ? ಎರಡನೆಯದಾದರೆ ನಾವು ಇಪ್ಪತ್ತು ವರ್ಷಗಳಿಂದ ಉಪನಗರದವರೇ. ನಕ್ಷೆ ತಡವಾಗಿ ಬರುತ್ತಿದೆ, ಅಷ್ಟೇ.

ಈಗ ವಾರಕ್ಕೆ ಮೂರು ದಿನ ನಾನೂ ಅಪ್ಪನ ಗಾಡಿ ಹಿಡಿಯುತ್ತೇನೆ. ಮಾಲೂರು ದಾಟುವ ಹೊತ್ತಿಗೆ ಮಹಿಳೆಯರ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವೈಟ್‌ಫೀಲ್ಡ್ ಬಂದರೆ ಅರ್ಧ ಬೋಗಿ ಖಾಲಿ. 2023ರ ಮಾರ್ಚ್‌ನಲ್ಲಿ ಹತ್ತಿರದಲ್ಲೇ ಮೆಟ್ರೊ ಶುರುವಾದ ಮೇಲಂತೂ ಮೆಟ್ಟಿಲ ಮೇಲೆ ಇಳಿಯುವವರದೇ ನೂಕುನುಗ್ಗಲು. ನಾನು ಮುಂದೆ ಹೋಗುವವಳು, ಕಿಟಕಿಯ ಪಕ್ಕ ಜಾಗ ಹಿಡಿಯುತ್ತೇನೆ. ಆ ಗುಂಪಿನಲ್ಲಿ ಅಪ್ಪನ ನೀಲಿ ಅಂಗಿ ಹುಡುಕುವುದು ಒಂದು ಅಭ್ಯಾಸ. ಸಿಕ್ಕರೆ ಕೈಯೆತ್ತುತ್ತೇನೆ. ಅವನು ಕೈಯೆತ್ತುವುದಿಲ್ಲ, ಗಡಿಯಾರ ನೋಡಿಕೊಳ್ಳುತ್ತಾನೆ.

ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮೊನ್ನೆ ತಿದ್ದಿದೆ. 'ಪ್ರಯಾಣಿಕರು' ಎಂದಿದ್ದ ಕಡೆಯೆಲ್ಲ ನಿಂತು, ಇವರು ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಕೇಳಿಕೊಂಡೆ. ಬಹಳಷ್ಟು ಕಡೆ ಕೆಲಸಕ್ಕೆ.