ಹಿಮ ಸರಿದ ಮೇಲಣ ಹುಲ್ಲು

ಮೈಸೂರು ಸೀಮೆಯಲ್ಲಿ ಹುಲ್ಲಿಗೆ ವೈರಿಯೆಂದರೆ ಬಿಸಿಲು. ಫಾಲ್ಗುಣ ಕಾಲಿಡುತ್ತಲೇ ಕೆರೆಯೇರಿಯ ಹಸುರೆಲ್ಲ ಒಣಗಿ ಬೆಳ್ಳಗಾಗುವುದನ್ನೂ, ಮುಂಗಾರಿನ ಮೊದಲ ಹದಮಳೆಗೆ ಅದೇ ನೆಲ ಮತ್ತೆ ಚಿಗುರುವುದನ್ನೂ ಕಂಡು ಬೆಳೆದ ಕಣ್ಣುಗಳಿಗೆ, ಅಮೆರಿಕದ ಉತ್ತರದಂಚಿನ ಮಿನ್ನೆಸೋಟದಲ್ಲಿ ಏಪ್ರಿಲ್ ತಿಂಗಳು ತೋರಿಸುವ ನೋಟವು ವಿಚಿತ್ರವಾಗಿ ತೋರದೆ ಇರದು. ತಿಂಗಳುಗಟ್ಟಲೆ ಬಿದ್ದಿದ್ದ ಹಿಮವು ಕರಗಿ ಹರಿದುಹೋದಾಗ ಅದರಡಿಯಿಂದ ಹೊರಬರುವುದು ಹಸುರಲ್ಲ. ನೆನೆದ ಗೋಣಿತಟ್ಟಿನಂತೆ ನೆಲಕ್ಕಂಟಿ ಮಲಗಿದ, ಅಲ್ಲಲ್ಲಿ ಬೂಷ್ಟು ಹಿಡಿದ ಒಂದು ಕಂದು ಹರವು.

ಆ ದೇಶದ ಗೃಹಸ್ಥನಿಗೆ ಮನೆಯ ಮುಂದಣ ಲಾನ್ ಎಂಬುದು ಬರಿಯ ಅಲಂಕಾರವಲ್ಲ, ನೆರೆಹೊರೆಯಲ್ಲಿ ಅವನ ಮಾನ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಉಣ್ಣೆಬಟ್ಟೆಯ ಮೇಲ್ಮೈಯನ್ನು ಕತ್ತರಿಸಿ ನಯಗೊಳಿಸುವ ಗಿರಣಿಯ ಯಂತ್ರವನ್ನು ನೋಡಿ ಹುಲ್ಲು ಕತ್ತರಿಸುವ ಯಂತ್ರವನ್ನು ಕಲ್ಪಿಸದೆ ಇದ್ದಿದ್ದರೆ, ಕುಡುಗೋಲಿನ ಆಳುಗಳನ್ನು ಇಟ್ಟುಕೊಳ್ಳಬಲ್ಲ ಸಿರಿವಂತರ ಸೊತ್ತಾಗಿಯೇ ಅದು ಉಳಿಯುತ್ತಿತ್ತೇನೋ. ಸಾಮಾನ್ಯನು ಈ ಚಿಂತೆಯಿಂದ ಪಾರಾಗುತ್ತಿದ್ದನು. ನನ್ನ ಅಳಿಯಂದಿರೂ ಈ ಚಿಂತೆಗೆ ಹೊರತಲ್ಲ. “ಮಾವ, ಎಲ್ಲ ಸತ್ತೇ ಹೋಗಿದೆ, ಕಿತ್ತು ಹಾಕಿಸಿ ಹೊಸದಾಗಿ ಹಾಸಿಸಿಬಿಡೋಣ” ಎಂದರು. “ಸತ್ತಿದೆಯೋ ಮಲಗಿದೆಯೋ ಮೊದಲು ನೋಡಿ” ಎಂದೆ.

ನೋಡುವ ಬಗೆ ಬಹಳ ಸುಲಭ. ಎಲೆಗೂ ಬೇರಿಗೂ ನಡುವೆ, ಮಣ್ಣಿನ ಮಟ್ಟದಲ್ಲಿ, ಬುಡದ ಗಂಟೊಂದಿರುತ್ತದೆ. ಹುಲ್ಲಿನ ಪ್ರಾಣವಿರುವುದು ಅಲ್ಲಿ. ಎಲೆ ಕಂದಾಗಿದ್ದರೂ ಆ ಗಂಟು ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡಕ್ಕೆ ನಿದ್ರೆ ಮಾತ್ರ. ಕಂದಿ, ಮೆತ್ತಗಾಗಿ, ಹಿಸುಕಿದರೆ ಜಾರಿಹೋಗುವಂತಿದ್ದರೆ ಆಸೆ ಬಿಡತಕ್ಕದ್ದು. ಸಂಶಯವಿದ್ದವರು ಅಂಗೈಯಗಲದ ಹುಲ್ಲನ್ನು ಮಣ್ಣಿನ ಸಮೇತ ಅಗೆದು, ಕುಂಡದಲ್ಲಿಟ್ಟು, ಬೆಚ್ಚಗಿನ ಕಿಟಕಿಯ ಬಳಿ ನೀರುಣಿಸಿದರಾಯಿತು. ಎರಡು ಮೂರು ವಾರಗಳೊಳಗೆ ಉತ್ತರ ತಾನಾಗಿಯೇ ಮೊಳೆಯುತ್ತದೆ.

ಹಿಮದ ಮೇಲೆ ಹೊರಿಸುವ ಅಪರಾಧಗಳಲ್ಲಿ ಮೊದಲನೆಯದು ಬೂಷ್ಟು. ಹೆಪ್ಪುಗಟ್ಟದ ನೆಲದ ಮೇಲೆ ಹಿಮವು ದಪ್ಪವಾಗಿ ಬಿದ್ದು ಬಹುಕಾಲ ಕರಗದೆ ನಿಂತರೆ, ಆ ತೇವಗತ್ತಲೆಯಲ್ಲಿ ಶಿಲೀಂಧ್ರವು ವೃತ್ತ ವೃತ್ತವಾಗಿ ಹರಡುತ್ತದೆ. ಬೂದುಬಣ್ಣದ್ದು ನೋಡುವುದಕ್ಕೆ ಘೋರ. ಒಣಗಿದ ಎಲೆಗಳ ಮೇಲೆ ಸಾಸಿವೆಗಾತ್ರದ ಕಪ್ಪುಕಂದು ಕಾಳುಗಳನ್ನೂ ಬಿಟ್ಟುಹೋಗುತ್ತದೆ. ಆದರೆ ಸಾಮಾನ್ಯವಾಗಿ ಎಲೆಯನ್ನು ಕೆಡಿಸುತ್ತದೆಯೇ ಹೊರತು ಬುಡವನ್ನು ಮುಟ್ಟುವುದಿಲ್ಲ. ನಸುಗೆಂಪು ಅಂಚಿನ ಇನ್ನೊಂದು ಜಾತಿ ಮಾತ್ರ ಕ್ರೂರವಾದುದು: ಅದಕ್ಕೆ ಹಿಮದ ಹೊದಿಕೆಯೂ ಬೇಕಿಲ್ಲ, ತಂಪೂ ತೇವವೂ ಸಾಕು, ಬುಡವನ್ನು ಕೊಳೆಸುವ ಶಕ್ತಿಯೂ ಅದಕ್ಕುಂಟು. ವಸಂತದಲ್ಲಿ ಔಷಧದ ಡಬ್ಬಿ ಹಿಡಿದು ಓಡುವುದು ವ್ಯರ್ಥವಾದ ವೆಚ್ಚ. ನೆಲವು ಒಣಗಿ ಬಿಸಿಲೇರಿದೊಡನೆ ಬೂಷ್ಟು ತಾನೇ ನಿಲ್ಲುತ್ತದೆ. ರೇಕಿನಿಂದ ಹಗುರವಾಗಿ ಬಾಚಿ, ಅಂಟಿಕೊಂಡ ಎಲೆಗಳನ್ನೆಬ್ಬಿಸಿ ಗಾಳಿಯಾಡಿಸಿದರೆ ಸಾಕು. ಅದನ್ನೂ ನೆಲ ಆರಿದ ಬಳಿಕವೇ ಮಾಡತಕ್ಕದ್ದು. ಕೆಸರಿನ ಮೇಲೆ ನಡೆದಾಡಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಿಲ್ಲದಂತಾಗುತ್ತದೆ.

ಎರಡನೆಯ ಆರೋಪಿ ವೋಲ್ ಎಂಬ ಮೋಟುಬಾಲದ ಇಲಿ. ಗೂಬೆಯ ಕಣ್ಣಿಗೂ ನರಿಯ ಮೂಗಿಗೂ ಮರೆಯಾಗಿ ಅದು ಹಿಮದಡಿಯಲ್ಲಿ ಹುಲ್ಲನ್ನು ಮೇಯುತ್ತ, ಎರಡು ಬೆರಳಗಲದ ಅಂಕುಡೊಂಕು ಓಣಿಗಳನ್ನು ಕೊರೆಯುತ್ತದೆ. ಹಿಮ ಸರಿದಾಗ ಕಾಣುವ ಆ ನಕ್ಷೆಯನ್ನು ನೋಡಿ ನನಗೆ ಕೋಪಕ್ಕಿಂತ ಬೆರಗೇ ಹೆಚ್ಚಾಯಿತು. ಬಹುಮಟ್ಟಿಗೆ ಅಕ್ಕಪಕ್ಕದ ಹುಲ್ಲೇ ಆ ಓಣಿಗಳನ್ನು ಮುಚ್ಚಿಬಿಡುತ್ತದೆ.

ನಿಜವಾದ ಮರಣವು ಇನ್ನೊಂದು ದಾರಿಯಲ್ಲಿ ಬರುತ್ತದೆ. ಚಳಿಗಾಲದ ಕೊನೆಯಲ್ಲಿ ನಾಲ್ಕು ದಿನ ಸೆಕೆಯಾಗಿ, ಹಿಮನೀರು ತಗ್ಗಿನಲ್ಲಿ ನಿಂತು, ಎಚ್ಚೆತ್ತ ಬುಡವು ದಾಹದಿಂದ ನೀರನ್ನು ಹೀರಿಕೊಂಡ ಬಳಿಕ ಒಮ್ಮೆಲೇ ಕಡುಚಳಿ ಮರಳಿತೆಂದರೆ, ಒಳಗಣ ನೀರು ಹರಳುಗಟ್ಟಿ ಜೀವಕೋಶಗಳನ್ನು ಸೀಳುತ್ತದೆ. ರೈಗ್ರಾಸ್ ಎಂಬ ಜಾತಿಗೆ ಈ ಗಂಡಾಂತರ ಹೆಚ್ಚು. ಕೆಂಟಕಿ ಬ್ಲೂಗ್ರಾಸ್ ಹೆಚ್ಚು ತಾಳಿಕೆಯುಳ್ಳದ್ದು, ಮೇಲಾಗಿ ನೆಲದೊಳಗೆ ಕಾಂಡ ಹರಿಸಿ ಬರಿದಾದ ಎಡೆಯನ್ನು ತುಂಬಬಲ್ಲದು. ಹೆಸರು ಕೆಂಟಕಿಯದಾದರೂ ಅದು ಯೂರೋಪಿನಿಂದ ವಲಸಿಗರೊಡನೆ ಬಂದ ಹುಲ್ಲು. ನಾವು ವಿಘ್ನೇಶ್ವರನಿಗೇರಿಸುವ ಗರಿಕೆಯೂ ಬರ್ಮುಡಾ ಎಂಬ ಹೆಸರು ಹೊತ್ತು ಅಮೆರಿಕದ ದಕ್ಷಿಣ ರಾಜ್ಯಗಳ ಲಾನುಗಳಲ್ಲಿ ಮೆರೆಯುತ್ತಿದೆ. ನಮ್ಮ ಬೇಸಗೆಯನ್ನು ಲೆಕ್ಕಿಸದ ಆ ದೂರ್ವೆ ಮಿನ್ನೆಸೋಟದ ಚಳಿಯೆದುರು ನಿಲ್ಲಲಾರದು.

ಇಷ್ಟೆಲ್ಲ ಹುಡುಕಿದ ಮೇಲೂ ನಮ್ಮವರ ಅಂಗಳದಲ್ಲಿ ನಿಜವಾಗಿ ಸತ್ತಿದ್ದದ್ದು ಕಾರಿನ ದಾರಿಯ ಇಕ್ಕೆಲದ ಎರಡು ಪಟ್ಟಿಗಳು. ಅಲ್ಲಿ ಕೊಂದವನು ಶಿಶಿರನಲ್ಲ. ಮಂಜುಗಡ್ಡೆ ಕರಗಲೆಂದು ಧಾರಾಳವಾಗಿ ಎರಚಿದ ಉಪ್ಪು ಅಲ್ಲಿ ಸೇರಿ, ಬೇರಿಗೆ ನೀರು ದಕ್ಕದಂತೆ ಮಾಡಿತ್ತು. ಹಿಮ ಬಳಿಯುವ ಯಂತ್ರದ ಅಲಗು ಅಂಚಿನ ಹುಲ್ಲನ್ನು ಮಣ್ಣುಸಹಿತ ಸುಲಿದಿತ್ತು. ಋತುವು ಮಾಡಿದ ಗಾಯ ಬಹುಪಾಲು ತಾನೇ ಮಾಯುವುದೆಂದೂ, ಮನುಷ್ಯನ ಅವಸರ ಮಾಡಿದುದಕ್ಕೇ ಮದ್ದು ಬೇಕೆಂದೂ ನಾನು ಅಳಿಯಂದಿರಿಗೆ ಹೇಳಿದೆ. ಆ ಮದ್ದಾದರೂ ಏನು? ನೆಲದ ಹೆಪ್ಪು ಬಿಟ್ಟ ಬಳಿಕ ಹಲವು ಬಾರಿ ನೀರು ಹರಿಸಿ ಉಪ್ಪನ್ನು ಬೇರಿನ ಕೆಳಕ್ಕೆ ಇಳಿಸಿ, ಬಳಿಕ ಬೀಜ ಬಿತ್ತುವುದು. ಜೇಡಿಯಲ್ಲಿ ಸೋಡಿಯಂ ಕಚ್ಚಿಕೊಂಡಿದ್ದರೆ ಜಿಪ್ಸಮ್ ನೆರವಾಗುತ್ತದೆ. ನೀರು ಹರಿಸದಿದ್ದರೆ ಅದೂ ದಂಡ.

ಬಿತ್ತನೆಗೆ ಒಂದು ತೊಡಕುಂಟು. ವಸಂತದಲ್ಲಿ ಕಳೆ ಮೊಳೆಯದಿರಲೆಂದು ಅಲ್ಲಿಯವರು ಹಾಕುವ ಮದ್ದು, ಬಿತ್ತಿದ ಹುಲ್ಲಿನ ಬೀಜವನ್ನೂ ಮೊಳೆಯಗೊಡದು, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ಕಾಲವೇ ಆ ಸೀಮೆಯಲ್ಲಿ ಬಿತ್ತನೆಗೆ ಪ್ರಶಸ್ತ: ಮಣ್ಣು ಬೆಚ್ಚಗಿರುತ್ತದೆ, ಗಾಳಿ ತಂಪೇರುತ್ತಿರುತ್ತದೆ, ಕಳೆಯ ಹಾವಳಿ ಕಡಮೆ. ಅಷ್ಟು ಕಾಯಲು ಅಳಿಯಂದಿರ ಮನಸ್ಸು ಒಡಂಬಡಲಿಲ್ಲ. ಪಟ್ಟಿಗಳಿಗೆ ಮೇ ತಿಂಗಳಲ್ಲಿಯೇ ಬೀಜ ಬಿತ್ತಿ, ಉಳಿದುದನ್ನು ಅದರ ಪಾಡಿಗೆ ಬಿಡಲು ಒಪ್ಪಿದರು. ಮುಂದಿನ ಚಳಿಗಾಲಕ್ಕೆ ಉಪ್ಪನ್ನು ಕಡಮೆ ಮಾಡಿ ಮರಳು ಎರಚುವುದೆಂದೂ ನಿಶ್ಚಯವಾಯಿತು. ಕಾಫಿ ತಂದ ನನ್ನ ಮಗಳು ಮಾತ್ರ, “ಅಪ್ಪ, ಹುಲ್ಲು ಉಳಿಯಿತು ಸರಿ, ಬೆಳಗ್ಗೆ ಆರು ಗಂಟೆಗೆ ಮಂಜುಗಡ್ಡೆಯ ಮೇಲೆ ಜಾರಿ ಬೀಳುವವಳು ನಾನಲ್ಲವೆ?” ಎಂದಳು.